ತೆನಾಲಿಯ ಬೆಕ್ಕು ಕಲಿತದ್ದೇನು?

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಕೇಳದೆ ದೊಡ್ಡವರಾದ ಕನ್ನಡಿಗರು ಕಡಿಮೆ. ವಿಜಯನಗರದಲ್ಲಿ ಇಲಿಗಳ ಕಾಟ ಜಾಸ್ತಿಯಾಗುತ್ತೆ. ಕೃಷ್ಣದೇವರಾಯ ಮನೆಗೊಂದು ಬೆಕ್ಕು ಕೊಡಿಸಿ, ಅದಕ್ಕೆ ಹಾಲು ಕುಡಿಸಿ ಸಾಕಲಿ ಅಂತ ಜೊತೆಗೊಂದು ಹಸುವನ್ನೂ ಕೊಡ್ತಾನೆ. ಊರಿನ ಬೆಕ್ಕುಗಳೆಲ್ಲ ಹಾಲು ಕುಡಿದು ಕೊಬ್ಬುತ್ತವೆ. ರಾಮಕೃಷ್ಣ ಮಾತ್ರ ಮೊದಲನೇ ದಿನವೇ ತನ್ನ ಬೆಕ್ಕಿನ ಮುಂದೆ ಕುದಿಯೋ ಹಾಲು ಇಡ್ತಾನೆ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೆ ಸಾಕು, ದಿಕ್ಕು ತಪ್ಪಿ ಓಡುತ್ತೆ. ಹಸುವಿನ ಹಾಲೆಲ್ಲ ರಾಮಕೃಷ್ಣನ ಮನೆಯವರಿಗೆ.

ಪ್ರೈಮರಿ ಶಾಲೆಯಲ್ಲಿ ಈ ಕತೆ ಕೇಳಿ ಬಿದ್ದು ಬಿದ್ದು ನಕ್ಕಿದ್ದೆವು. ಮೇಷ್ಟ್ರು ರಾಮಕೃಷ್ಣನ ಜಾಣತನ ಎಂಥದ್ದು ಅಂತ ವಿವರಿಸಿದರು. ಬೆಕ್ಕಿನ ಪಾಡೇನಾಯ್ತು ಅಂತ ಯಾರೂ ಕೇಳಲಿಲ್ಲ. ನನಗೆ ಆ ಬೆಕ್ಕು ಮತ್ತೆ ನೆನಪಾದದ್ದು ಮೂವತ್ತು ದಾಟಿದ ಮೇಲೆ, ಬೆಂಗಳೂರಿನ ನಮ್ಮ ಎರಡು ಬೆಡ್‌ರೂಮಿನ ಮನೆಯಲ್ಲಿ, ಗಿಡಕ್ಕೆ ನೀರು ಹೊಡೆಯೋ ಸ್ಪ್ರೇ ಬಾಟಲಿ ಕೈಯಲ್ಲಿ ಹಿಡಿದು ನಿಂತಿದ್ದಾಗ.

ನಡೆದದ್ದು ಇಷ್ಟು. ನಮ್ಮನೆಯಲ್ಲಿ ಎರಡು ಬೆಕ್ಕುಗಳಿವೆ. ಬೂದು ಬಣ್ಣದ ಸುಬ್ಬಿ, ಬೆಲ್ಲದ ಬಣ್ಣದ ಬೆಲ್ಲ. ಸುಬ್ಬಿ ಮೊದಲು ಬಂದವಳು, ಲಾಕ್‌ಡೌನ್ ಕಾಲದಲ್ಲಿ ನನ್ನ ಹೆಂಡತಿಗೆ ಸಿಕ್ಕಿದ ಮರಿ. ಎರಡಕ್ಕೂ ಮಕ್ಕಳಾಗದ ಆಪರೇಷನ್ ಮಾಡಿಸಿ ಎರಡು ವರ್ಷ ಆಗಿತ್ತು. ಒಂದೇ ಕುರ್ಚಿಯ ಮೇಲೆ ಒಂದರ ಹೊಟ್ಟೆಗೆ ಇನ್ನೊಂದು ತಲೆ ಕೊಟ್ಟು ಮಲಗುತ್ತಿದ್ದವು. ಒಂದು ದಿನ ಬೆಲ್ಲನಿಗೆ ಹಲ್ಲು ಕೀಳಿಸಬೇಕಾಗಿ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಸಂಜೆ ವಾಪಸ್ ತಂದು ಬುಟ್ಟಿ ಬಾಗಿಲು ತೆಗೆದರೆ, ಸುಬ್ಬಿ ಬಂದು ಒಂದು ಸಲ ಮೂಸಿದಳು. ಅಷ್ಟೇ. ಬೆನ್ನು ಬಿಲ್ಲಾಯಿತು, ಬಾಲ ಬಾಟಲಿ ಬ್ರಷ್ ಆಯಿತು, ಬುಸ್ ಅಂತ ಶಬ್ದ. ಅರೆಮಂಪರಿನಲ್ಲಿ ತೂರಾಡುತ್ತಿದ್ದ ಬೆಲ್ಲನ ಮೇಲೆ ಎಗರಿ ಕಿವಿ ಹರಿದಳು.

ಬಿಡಿಸೋಕೆ ಕೈ ಹಾಕಿ ನಾನೂ ಕಚ್ಚಿಸಿಕೊಂಡೆ. ಮಾರನೇ ದಿನದಿಂದ ಸ್ಪ್ರೇ ಬಾಟಲಿ ಶುರುವಾಯಿತು. ಸುಬ್ಬಿ ಬೆಲ್ಲನ ಕಡೆ ದುರುಗುಟ್ಟಿ ನೋಡಿದರೆ ಸಾಕು, ಮುಖಕ್ಕೆ ಚುಸ್ ಅಂತ ನೀರು. ಒಂದು ವಾರ ಹೊಡೆದೆ. ಜಗಳ ಕಮ್ಮಿ ಆಗಲಿಲ್ಲ, ಜಾಸ್ತಿ ಆಯಿತು. ಮೊದಲು ಎದುರಾದಾಗ ಮಾತ್ರ ಹೊಡೆದಾಡುತ್ತಿದ್ದವು, ಆಮೇಲೆ ಬೆಲ್ಲ ಪಕ್ಕದ ರೂಮಿನಲ್ಲಿ ಮಿಯಾಂವ್ ಅಂದರೂ ಸುಬ್ಬಿ ಗುರ್ ಅನ್ನೋಕೆ ಶುರು ಮಾಡಿದಳು. ಸೋಫಾ ಮೇಲೆ ಉಚ್ಚೆ ಹೊಯ್ದಳು. ನಾನು ಆಫೀಸಿಂದ ಬಂದರೆ ಮಂಚದಡಿ ಸೇರುತ್ತಿದ್ದಳು. ಊರಿಗೆ ಫೋನ್ ಮಾಡಿದಾಗ ಅಮ್ಮ ಸಲೀಸಾಗಿ ಪರಿಹಾರ ಕೊಟ್ಟರು: "ಒಂದನ್ನ ಇಲ್ಲಿಗೆ ತಂದ್ಬಿಡೋ ಅತ್ಲಾಗೆ. ಅಟ್ಟದಲ್ಲಿ ಇಲಿ ಹಿಡ್ಕೊಂಡು ಬಿದ್ದಿರುತ್ತೆ." ನನಗೂ ಅದೇ ಸರಿ ಅನ್ನಿಸಿತ್ತು. ಹೆಂಡತಿ ಎರಡು ದಿನ ಮಾತು ಬಿಟ್ಟಳು.

ಎಂಜಿನಿಯರ್ ಬುದ್ಧಿ ನೋಡಿ. ಪ್ರೊಡಕ್ಷನ್ನಲ್ಲಿ ಬಗ್ ಬಂದರೆ ಮೊದಲು ಹಳೇ ಲಾಗ್ ತೆಗೆದು ಓದೋದು ನಮ್ಮ ಅಭ್ಯಾಸ. ಬೆಕ್ಕನ್ನು ಹೊಡೆದು ಬಡಿದು ತಿದ್ದಬಹುದು ಅನ್ನೋ ಯೋಚನೆ ಮನುಷ್ಯನಿಗೆ ಎಲ್ಲಿಂದ ಬಂತು, ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರಾ ಅಂತ ಓದೋಕೆ ಕೂತೆ. ಮಾಡಿ ನೋಡಿದ್ದಾರೆ. ಅದೂ ಇಲಿಯಲ್ಲಿ, ನಾಯಿಯಲ್ಲಿ ಮಾತ್ರ ಅಲ್ಲ, ಬೆಕ್ಕಿನಲ್ಲೇ. ಅರವತ್ತು ವರ್ಷದ ಕತೆ ಅದು. ಅದನ್ನು ಹೇಳೋ ಮೊದಲು ನಮ್ಮೂರಿನ ಅಟ್ಟಕ್ಕೆ ಒಂದು ಸಲ ಹೋಗಿ ಬರೋಣ.

ನಮ್ಮದು ತಿಪಟೂರು ಕಡೆ. ಉಂಡೆ ಕೊಬ್ಬರಿ ಮಾಡಬೇಕಂದ್ರೆ ಸಿಪ್ಪೆ ಸಮೇತ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಅಲ್ಲಿವರೆಗೂ ಇಲಿಗಳಿಂದ ಅದನ್ನು ಕಾಯೋದು ಕೊತ್ತಿ ಕೆಲಸ. ನಮ್ಮ ಕಡೆ ಬೆಕ್ಕಿಗೆ ಕೊತ್ತಿ ಅಂತಲೇ ಅನ್ನೋದು. ನಮ್ಮಜ್ಜಿ ಕಾಲದಲ್ಲಿ ಮನೆಯಲ್ಲಿ ಒಂದೇ ಹೊತ್ತಿಗೆ ಮೂರು ನಾಲ್ಕು ಕೊತ್ತಿ ಇರೋವು. ಅವಕ್ಕೂ ಜಗಳ ಆಗೋದು. ರಾತ್ರಿ ಹೆಂಚಿನ ಮೇಲೆ ಮಗು ಅತ್ತ ಹಾಗೆ ಕಿರುಚಾಡೋವು. ಅಜ್ಜಿ ಪೊರಕೆ ತಗೊಂಡು ಬೀಸಿದರೆ ಒಂದು ಕಡೆ ಒಂದು ಓಡೋದು, ಇನ್ನೊಂದು ಕಡೆ ಇನ್ನೊಂದು. ಜಗಳ ಮುಗೀತು. ಒಂದು ಕೊಟ್ಟಿಗೆಯಲ್ಲಿ ಮಲಗಿದರೆ ಇನ್ನೊಂದು ಪಕ್ಕದ ಮನೆಯ ಹುಲ್ಲಿನ ಬಣವೆ ಸೇರೋದು. ಒಂದೊಂದು ಸಲ ಸೋತ ಕೊತ್ತಿ ವಾರ ಕಾಣ್ತಿರಲಿಲ್ಲ, ಒಂದೊಂದು ವಾಪಸ್ಸೇ ಬರ್ತಿರಲಿಲ್ಲ. ಯಾರೂ ಹುಡುಕ್ತಿರಲಿಲ್ಲ.

ಬೆಕ್ಕಿನ ಜಗಳಕ್ಕೆ ಪೊರಕೆಯೇ ಮದ್ದು ಅಂತ ನಾನು ಬೆಳೆದದ್ದು ಹೀಗೆ. ಅಲ್ಲಿ ಕೆಲಸ ಮಾಡ್ತಿದ್ದದ್ದು ಪೊರಕೆಯಲ್ಲ, ತೆರೆದ ಬಾಗಿಲು ಅನ್ನೋದು ಹೊಳೆಯೋಕೆ ಇಷ್ಟು ವರ್ಷ ಬೇಕಾಯಿತು.

ಯಾಕಂದ್ರೆ ಬೆಕ್ಕು ಮೂಲದಲ್ಲಿ ಒಂಟಿ ಪ್ರಾಣಿ. ಇವತ್ತಿನ ಸಾಕುಬೆಕ್ಕುಗಳೆಲ್ಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ಸಂತಾನ. ಮನುಷ್ಯನ ಜೊತೆ ಅದರ ಒಡನಾಟಕ್ಕೆ ಸಿಕ್ಕಿರೋ ಅತಿ ಹಳೆಯ ಪುರಾವೆಗಳಲ್ಲಿ ಒಂದು ಸೈಪ್ರಸ್ ದ್ವೀಪದ ಶಿಲ್ಲುರೊಕಾಂಬೋಸ್ ಅನ್ನೋ ಜಾಗದ್ದು. ಸುಮಾರು 9,500 ವರ್ಷ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಅಸ್ಥಿಪಂಜರದಿಂದ ಒಂದು ಮೊಳದಷ್ಟೂ ದೂರವಿಲ್ಲದೆ ಒಂದು ಎಳೇ ಬೆಕ್ಕನ್ನು ಹೂತಿದ್ದರು. ಫ್ರಾನ್ಸಿನ ಜ್ಯಾನ್-ದನಿ ವಿಜ್ಞ್ ಮತ್ತವರ ತಂಡ ಇದನ್ನು 2004ರಲ್ಲಿ ಪ್ರಕಟಿಸಿತು. ಸೈಪ್ರಸ್‌ನಲ್ಲಿ ಹುಟ್ಟಾ ಬೆಕ್ಕುಗಳಿರಲಿಲ್ಲ, ಅಂದರೆ ಯಾರೋ ದೋಣಿಯಲ್ಲಿ ತಂದದ್ದು. ಕಣಜ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ನಮ್ಮ ಕೊಬ್ಬರಿ ಅಟ್ಟದ ಲೆಕ್ಕವೇ.

ನಾಯಿಯ ಪೂರ್ವಜರು ಗುಂಪಿನಲ್ಲಿ ಬೇಟೆಯಾಡಿದವರು. ಜಗಳ ಆದಮೇಲೆ ತಲೆ ತಗ್ಗಿಸಿ, ಬಾಲ ಮುದುರಿ, ರಾಜಿಯಾಗಿ ಮತ್ತೆ ಗುಂಪಿನಲ್ಲೇ ಬಾಳಬೇಕು. ಬೆಕ್ಕಿಗೆ ಆ ಪಾಠ ಆಗಿಲ್ಲ. ಇಲಿ ಒಬ್ಬರ ಊಟ, ಹಂಚಿಕೊಳ್ಳೋಕೆ ಏನೂ ಉಳಿಯಲ್ಲ. ಹಾಗಾಗಿ ಬೆಕ್ಕಿನ ಸಂವಿಧಾನದಲ್ಲಿ ರಾಜಿಗಿಂತ ಮೊದಲು ಬರೋದು ತಪ್ಪಿಸಿಕೊಳ್ಳೋದು. ಕಂಬ ಕೆರೆಯೋದು, ಕೆನ್ನೆ ಉಜ್ಜೋದು, ಮೂಲೆಗೆ ಉಚ್ಚೆ ಹಾರಿಸೋದು, ಎಲ್ಲವೂ ಎದುರಾಗದೆ ಬದುಕೋಕೆ ಬಿಟ್ಟ ವಾಸನೆಯ ಚೀಟಿಗಳು. ಬೆಕ್ಕುಗಳನ್ನು ದಶಕಗಳ ಕಾಲ ಗಮನಿಸಿದ ಜರ್ಮನಿಯ ಪಾಲ್ ಲೈಹೌಸೆನ್ ಇದನ್ನು ಚೆನ್ನಾಗಿ ವಿವರಿಸಿದ್ದಾರೆ: ಒಂದೇ ದಾರಿಯನ್ನು ಎರಡು ಬೆಕ್ಕು ಬಳಸುತ್ತವೆ, ಹೊತ್ತು ಬೇರೆ ಮಾಡಿಕೊಂಡು. ನಮ್ಮ ಹೊಲಗಳಿಗೆ ಸರದಿ ಮೇಲೆ ಕಾಲುವೆ ನೀರು ಬಿಟ್ಟ ಹಾಗೆ. ಊಟ ಧಾರಾಳ ಇರೋ ಕಡೆ ಅಕ್ಕ ತಂಗಿ ಬೆಕ್ಕುಗಳು ಸೇರಿ ಮರಿ ಸಾಕೋದೂ ಉಂಟು. ಅಲ್ಲಿ ಗುಂಪಿನ ಗುರುತು ಮುಖವಲ್ಲ, ವಾಸನೆ. ಬೆಲ್ಲ ಆವತ್ತು ಕಳಕೊಂಡು ಬಂದದ್ದು ಅದನ್ನೇ. ಔಷಧಿ, ಸ್ಪಿರಿಟ್, ಬೇರೆ ಪ್ರಾಣಿಗಳ ವಾಸನೆ ಮೆತ್ತಿಕೊಂಡು ಬಂದವನು ಸುಬ್ಬಿಯ ಪಾಲಿಗೆ ಬೆಲ್ಲನೇ ಅಲ್ಲ, ಬೆಲ್ಲನ ವೇಷ ಹಾಕಿಕೊಂಡ ಯಾರೋ.

ಹಾಗಾದ್ರೆ ಈ ಒಂಟಿ ಪ್ರಾಣಿಯನ್ನು ನಾಲ್ಕು ಗೋಡೆ ಒಳಗೆ ಕೂಡಿದ್ದು ಯಾವಾಗ? ಇದಕ್ಕೂ ಒಂದು ಇಸವಿ ಇದೆ. 1947ರ ಚಳಿಗಾಲ, ಅಮೆರಿಕದ ಮಿಶಿಗನ್ ರಾಜ್ಯದ ಕ್ಯಾಸೊಪೊಲಿಸ್ ಅನ್ನೋ ಸಣ್ಣ ಊರು. ಬೆಕ್ಕಿನ ತೊಟ್ಟಿಗೆ ಹಾಕೋ ಮರಳು ಹಿಮಗಟ್ಟಿ ಹೋಗಿತ್ತು, ಬೂದಿ ಹಾಕಿದರೆ ಮನೆ ತುಂಬ ಹೆಜ್ಜೆ ಗುರುತು. ನೆರೆಮನೆಯಾಕೆ ಬಂದು ಎಡ್ವರ್ಡ್ ಲೋ ಅನ್ನೋ ಯುವಕನನ್ನು ಮರಳು ಕೇಳಿದಳು. ಅವರ ಮನೆತನದ ವ್ಯಾಪಾರ, ಗ್ಯಾರೇಜುಗಳಲ್ಲಿ ಚೆಲ್ಲಿದ ಎಣ್ಣೆ ಹೀರೋ ಮಣ್ಣು ಮಾರೋದು. ಅದನ್ನೇ ಒಂದಿಷ್ಟು ಕೊಟ್ಟು ನೋಡಿದ. ಅದು ಎಣ್ಣೆ ಹೀರಿದ ಹಾಗೆ ಉಚ್ಚೆಯನ್ನೂ ಹೀರಿತು, ವಾಸನೆಯನ್ನೂ ತಡೆಯಿತು. ಚೀಲದ ಮೇಲೆ ಕಿಟ್ಟಿ ಲಿಟರ್ ಅಂತ ಬರೆದು ಮಾರೋಕೆ ಶುರು ಮಾಡಿದ. ಅಲ್ಲಿವರೆಗೂ ಬಹುಪಾಲು ಬೆಕ್ಕುಗಳು ಹಿತ್ತಿಲು, ಬೀದಿ ಅಂತ ಅಡ್ಡಾಡಿಕೊಂಡಿದ್ದವು. ಈ ಮಣ್ಣು ಬಂದಮೇಲೆ ಬೆಕ್ಕು ಜೀವಮಾನವಿಡೀ ಹೊಸಿಲು ದಾಟದೆ ಬದುಕೋಕೆ ಸಾಧ್ಯವಾಯಿತು. ಬೆಕ್ಕಿಗೆ ಅದರಿಂದ ಲಾಭವೂ ಆಯಿತು: ಗಾಡಿಗೆ ಸಿಗಲ್ಲ, ನಾಯಿಗೆ ಸಿಗಲ್ಲ. ಆದರೆ ಸೋತ ಬೆಕ್ಕು ಬಣವೆಗೆ ಓಡಿಹೋಗೋ ದಾರಿ ಮುಚ್ಚಿತು.

ಈಗ ಆ ಅರವತ್ತು ವರ್ಷದ ಕತೆಗೆ ಬರ್ತೀನಿ.

1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಅನ್ನೋ ಇಪ್ಪತ್ತಮೂರು, ಇಪ್ಪತ್ತನಾಲ್ಕರ ಹುಡುಗ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಒಂದು ಪಿಎಚ್‌ಡಿ ಪ್ರಬಂಧ ಕೊಟ್ಟ. ಮರದ ಪಟ್ಟಿ ಹೊಡೆದು ತಾನೇ ಪೆಟ್ಟಿಗೆಗಳನ್ನು ಮಾಡಿದ್ದ. ಹಸಿದ ಬೆಕ್ಕನ್ನು ಒಳಗೆ ಕೂಡೋದು, ಹೊರಗೆ ಮೀನಿನ ತುಂಡು ಇಡೋದು. ಒಳಗಿನ ದಾರ ಎಳೆದರೆ ಅಥವಾ ಅಗುಳಿ ಒತ್ತಿದರೆ ಬಾಗಿಲು ತೆರೆಯುತ್ತೆ. ಬೆಕ್ಕು ಮೊದಲ ಸಲ ಪರಚಿ, ಕಚ್ಚಿ, ಒದ್ದಾಡಿ, ಅಕಸ್ಮಾತ್ತಾಗಿ ದಾರಕ್ಕೆ ಕಾಲು ಸಿಕ್ಕಿಸಿ ಹೊರಬರೋದು. ಪದೇ ಪದೇ ಕೂಡಿದಾಗ ಬೇಡದ ಒದ್ದಾಟವೆಲ್ಲ ಉದುರಿ, ಹೊರಬರೋ ಸಮಯ ಕಮ್ಮಿಯಾಗ್ತಾ ಹೋಗೋದು. ಇದರ ಮೇಲೆ ಅವನು ಕಟ್ಟಿದ, 1911ರ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದ ನಿಯಮಕ್ಕೆ 'ಪರಿಣಾಮದ ನಿಯಮ' ಅಂತ ಹೆಸರು. ಎರಡು ಭಾಗ ಅದಕ್ಕೆ. ಹಿತ ಕೊಟ್ಟ ಕೆಲಸ ಗಟ್ಟಿಯಾಗುತ್ತೆ. ಅಹಿತ ಕೊಟ್ಟ ಕೆಲಸ ಸಡಿಲವಾಗುತ್ತೆ. ತಕ್ಕಡಿಯ ಎರಡು ತಟ್ಟೆ ಹಾಗೆ, ಬಹುಮಾನ ಒಂದು ಕಡೆ, ಶಿಕ್ಷೆ ಒಂದು ಕಡೆ.

ಥಾರ್ನ್‌ಡೈಕ್ ಮುಂದೆ ಮೇಷ್ಟ್ರುಗಳಿಗೆ ಪಾಠ ಮಾಡೋ ಕಾಲೇಜಿನಲ್ಲೇ ದಶಕಗಳ ಕಾಲ ಪ್ರಾಧ್ಯಾಪಕನಾಗಿದ್ದ. ಕೋಲು ಹಿಡಿಯೋರಿಗೆ ವಿಜ್ಞಾನದ ಮುದ್ರೆ ಸಿಕ್ಕಿದ ಹಾಗಾಯಿತು. ನನ್ನ ಸ್ಪ್ರೇ ಬಾಟಲಿಯೂ ಈ ತಕ್ಕಡಿಯ ಎರಡನೇ ತಟ್ಟೆಯಲ್ಲೇ ಕೂತಿತ್ತು.

ಆದರೆ ಆ ಮನುಷ್ಯನ ದೊಡ್ಡತನ ಇರೋದು ಮುಂದಿನ ಹೆಜ್ಜೆಯಲ್ಲಿ. ಇಪ್ಪತ್ತು ವರ್ಷ ಕಳೆದ ಮೇಲೆ ಅವನೇ ಮತ್ತೆ ಪರೀಕ್ಷೆ ಮಾಡಿದ, ಈ ಸಲ ಮನುಷ್ಯರ ಮೇಲೆ. ಒಂದು ಪದಕ್ಕೆ ಹಲವು ಅರ್ಥ ಕೊಟ್ಟು ಆರಿಸೋಕೆ ಹೇಳೋದು, ಸರಿ ಇದ್ದರೆ ಸರಿ ಅನ್ನೋದು, ತಪ್ಪಿದ್ದರೆ ತಪ್ಪು ಅನ್ನೋದು. 'ಸರಿ' ಅನ್ನಿಸಿಕೊಂಡ ಉತ್ತರ ಗಟ್ಟಿಯಾಯಿತು. 'ತಪ್ಪು' ಅನ್ನಿಸಿಕೊಂಡ ಉತ್ತರ ಮಾತ್ರ ಅಂದುಕೊಂಡ ಹಾಗೆ ಅಳಿಸಿ ಹೋಗಲಿಲ್ಲ. 1932ರ ಪುಸ್ತಕದಲ್ಲಿ ಅವನು ನಿಯಮದ ಅರ್ಧವನ್ನು ತಾನೇ ಹಿಂದಕ್ಕೆ ತಗೊಂಡ. ತಕ್ಕಡಿ ಸಮ ಇಲ್ಲ, ಶಿಕ್ಷೆಯ ತಟ್ಟೆ ಬಲು ಹಗುರ. ಮೇಷ್ಟ್ರುಗಳಲ್ಲಿ ಎಷ್ಟು ಜನ ಈ ಎರಡನೇ ಪುಸ್ತಕ ಓದಿದರೋ, ನಮ್ಮ ಶಾಲೆ ತನಕವಂತೂ ಸುದ್ದಿ ಬಂದಿರಲಿಲ್ಲ.

1938ರಲ್ಲಿ ಬಿ. ಎಫ್. ಸ್ಕಿನ್ನರ್ ಇಲಿಗಳಲ್ಲಿ ಇದನ್ನೇ ನೋಡಿದ. ಸನ್ನೆ ಒತ್ತಿದರೆ ಊಟ ಸಿಗುತ್ತೆ ಅಂತ ಕಲಿತ ಇಲಿಗಳಿಗೆ ಊಟ ನಿಲ್ಲಿಸಿದ. ಒಂದು ಗುಂಪಿಗೆ ಮಾತ್ರ ಶುರುವಿನಲ್ಲಿ ಸ್ವಲ್ಪ ಹೊತ್ತು, ಸನ್ನೆ ಒತ್ತಿದಾಗೆಲ್ಲ ಪಾದಕ್ಕೆ ಏಟು. ಏಟು ತಿಂದವು ಸುಮ್ಮನಾದವು. ಏಟು ನಿಂತ ಮೇಲೆ ಮತ್ತೆ ಒತ್ತೋಕೆ ಶುರು ಮಾಡಿ, ಕೊನೆಗೆ ಒಟ್ಟು ಲೆಕ್ಕದಲ್ಲಿ ಏಟು ತಿನ್ನದ ಇಲಿಗಳ ಸಮಕ್ಕೆ ಬಂದವು. ಶಿಕ್ಷೆ ಬಗ್ ಫಿಕ್ಸ್ ಮಾಡಿರಲಿಲ್ಲ, ಅಲರ್ಟ್ ಮ್ಯೂಟ್ ಮಾಡಿತ್ತು ಅಷ್ಟೇ.

ನ್ಯಾಯವಾಗಿ ಹೇಳಬೇಕಂದ್ರೆ, ಮುಂದೆ ನೇಥನ್ ಆಜ್ರಿನ್ ಥರದವರು ಸಾಕಷ್ಟು ಜೋರಾದ, ತಕ್ಷಣದ, ಒಂದು ಸಲವೂ ತಪ್ಪದ ಶಿಕ್ಷೆ ವರ್ತನೆಯನ್ನು ನಿಲ್ಲಿಸುತ್ತೆ ಅಂತ ತೋರಿಸಿದರು. ಆದರೆ ಅದೇ ಆಜ್ರಿನ್, ರೋಜರ್ ಉಲ್ರಿಚ್ ಜೊತೆ ಸೇರಿ 1962ರಲ್ಲಿ ಪ್ರಕಟಿಸಿದ್ದನ್ನು ಓದಿ ನಾನು ಬಾಟಲಿ ಕೆಳಗಿಟ್ಟೆ. ಜಗಳವಿಲ್ಲದೆ ಇದ್ದ ಎರಡು ಇಲಿಗಳನ್ನು ಒಂದು ಬೋನಿನಲ್ಲಿ ಬಿಟ್ಟು ನೆಲಕ್ಕೆ ಕರೆಂಟು ಹರಿಸಿದರು. ಇಲಿಗಳು ಎದ್ದು ನಿಂತು ಒಂದರ ಮೇಲೊಂದು ಬಿದ್ದು ಹೊಡೆದಾಡಿದವು. ನೋವು ಎಲ್ಲಿಂದ ಬಂತು ಅಂತ ಅವಕ್ಕೆ ಗೊತ್ತಿಲ್ಲ. ಎದುರಿಗೆ ಕಾಣ್ತಿದ್ದದ್ದು ಇನ್ನೊಂದು ಇಲಿ. ನಮ್ಮ ಹಾಲಿನಲ್ಲಿ ಸುಬ್ಬಿ ಬೆಲ್ಲನನ್ನು ನೋಡಿದಾಗಲೆಲ್ಲ ಮುಖಕ್ಕೆ ನೀರು ಬೀಳ್ತಿತ್ತು. ನಾನು 'ಜಗಳ ಆಡಬೇಡ' ಅಂತ ಹೇಳ್ತಿದ್ದೀನಿ ಅಂದುಕೊಂಡಿದ್ದೆ. ಅವಳಿಗೆ ಕೇಳಿಸಿದ್ದು 'ಬೆಲ್ಲ ಕಂಡರೆ ಕೆಟ್ಟದ್ದಾಗುತ್ತೆ' ಅಂತ.

ತೆನಾಲಿ ರಾಮಕೃಷ್ಣನ ಪ್ರಯೋಗವನ್ನೇ ಲ್ಯಾಬಿನಲ್ಲಿ ಮಾಡಿದ್ದು ಶಿಕಾಗೋದ ಮನೋವೈದ್ಯ ಜೂಲ್ಸ್ ಮ್ಯಾಸರ್‌ಮನ್. 1943ರಲ್ಲಿ ಅವನ ಪುಸ್ತಕ ಬಂತು. ಬೆಕ್ಕುಗಳಿಗೆ, ಸಂಕೇತ ಬಂದಾಗ ಡಬ್ಬಿ ಮುಚ್ಚಳ ತೆಗೆದು ತಿನ್ನೋದನ್ನು ಕಲಿಸಿದ. ಆಮೇಲೆ ತಿನ್ನೋಕೆ ಬಾಯಿ ಹಾಕಿದಾಗ ಮುಖಕ್ಕೆ ರಭಸವಾಗಿ ಗಾಳಿ ಊದಿದ. ನೀರಲ್ಲ, ಬಿಸಿ ಹಾಲೂ ಅಲ್ಲ, ಬರೀ ಗಾಳಿ. ಕೆಲವೇ ಸಲಕ್ಕೆ ಬೆಕ್ಕುಗಳು ಹಸಿವಿನಲ್ಲೂ ಡಬ್ಬಿ ಮುಟ್ಟಲಿಲ್ಲ. ಮೂಲೆ ಸೇರಿದವು, ನಡುಗಿದವು, ಕೈ ಹಾಕಿದವರ ಮೇಲೆ ಎರಗಿದವು. ಹೀಗೆ ಕಂಗೆಟ್ಟ ಬೆಕ್ಕುಗಳಲ್ಲಿ ಕೆಲವು, ಎರಡು ಬಟ್ಟಲು ಇಟ್ಟರೆ ಬರೀ ಹಾಲು ಬಿಟ್ಟು ಮದ್ಯ ಬೆರೆಸಿದ ಹಾಲನ್ನೇ ಆರಿಸಿಕೊಳ್ತಿದ್ದವಂತೆ. ರಾಮಕೃಷ್ಣನ ಕತೆ ಹಾಲು ಮಿಕ್ಕಿತು ಅನ್ನೋದಕ್ಕೆ ಮುಗಿಯುತ್ತೆ. ಮ್ಯಾಸರ್‌ಮನ್ ಆಮೇಲೇನಾಯ್ತು ಅಂತ ನೋಡಿದ, ಅಷ್ಟೇ ವ್ಯತ್ಯಾಸ.

ಹಾಗಾದರೆ ಬಾಯಿ ಸುಟ್ಟ ಬೆಕ್ಕಿಗೆ ಮತ್ತೆ ಹಾಲು ಕುಡಿಸೋಕೆ ಆಗುತ್ತಾ? ಉತ್ತರ ಸಿಕ್ಕಿದ್ದು ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ. ಜೋಸೆಫ್ ವೋಲ್ಪಿ ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಡಾಕ್ಟರ್ ಆಗಿದ್ದವನು. ಯುದ್ಧದ ಭಯದಿಂದ ನರಳ್ತಿದ್ದ ಸೈನಿಕರಿಗೆ ಆಗ ಕೊಡ್ತಿದ್ದ ಚಿಕಿತ್ಸೆ ಅಷ್ಟೇನೂ ಫಲಿಸದೆ ಬೇಸತ್ತಿದ್ದ. 1940ರ ದಶಕದ ಕೊನೆಯಲ್ಲಿ ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅವನೂ ಬೆಕ್ಕುಗಳನ್ನು ಬೋನಿನಲ್ಲಿಟ್ಟು ಶಾಕ್ ಕೊಟ್ಟು ಹೆದರಿಸಿದ. ಅವು ಆ ಬೋನಿನಲ್ಲಿ ಮಾತ್ರವಲ್ಲ, ಆ ರೂಮಿನಲ್ಲೇ ಊಟ ಮುಟ್ಟಲಿಲ್ಲ. ಆಗ ವೋಲ್ಪಿ ಒಂದು ಸರಳ ಕೆಲಸ ಮಾಡಿದ. ಆ ರೂಮಿಗೆ ಸ್ವಲ್ಪವೂ ಹೋಲದ ಬೇರೆ ರೂಮಿನಲ್ಲಿ ಊಟ ಇಟ್ಟ. ಅಲ್ಲಿ ತಿಂದವು. ಆಮೇಲೆ ಸ್ವಲ್ಪ ಹೋಲೋ ರೂಮು, ಆಮೇಲೆ ಇನ್ನೂ ಹೋಲೋ ರೂಮು, ಆಮೇಲೆ ಅದೇ ರೂಮಿನ ದೂರದ ಮೂಲೆ, ಕೊನೆಗೆ ಬೋನಿನ ಒಳಗೆ. ಪ್ರತಿ ಹೆಜ್ಜೆಯಲ್ಲೂ ಒಂದೇ ಶರತ್ತು: ಹಸಿವು ಭಯಕ್ಕಿಂತ ಒಂದು ಗುಲಗಂಜಿ ಜಾಸ್ತಿ ಇರಬೇಕು. ಭಯ ಗೆದ್ದರೆ ಒಂದು ಹೆಜ್ಜೆ ಹಿಂದಕ್ಕೆ.

1958ರಲ್ಲಿ ಅವನು ಇದರ ಮೇಲೆ ಪುಸ್ತಕ ಬರೆದ. ಇವತ್ತು ಲಿಫ್ಟಿಗೆ, ಎತ್ತರಕ್ಕೆ, ಹಾವಿಗೆ ಹೆದರೋರನ್ನು ಮೆಲ್ಲಮೆಲ್ಲನೆ ಅಭ್ಯಾಸ ಮಾಡಿಸಿ ಭಯ ಬಿಡಿಸೋ ಚಿಕಿತ್ಸೆ ಇದೆಯಲ್ಲ, ಅದರ ದೊಡ್ಡ ಬೇರು ಈ ಜೊಹಾನ್ಸ್‌ಬರ್ಗ್ ಬೆಕ್ಕುಗಳಲ್ಲಿದೆ. ಬೆಕ್ಕಿನಿಂದ ಮನುಷ್ಯನಿಗೆ ಬಂದ ಆ ವಿದ್ಯೆಯನ್ನು ಪಶುವೈದ್ಯರು ಮತ್ತೆ ಬೆಕ್ಕುಗಳಿಗೇ ಹಚ್ಚಿದರು. ಜಗಳವಾಡಿದ ಎರಡು ಬೆಕ್ಕುಗಳನ್ನು ಒಂದುಗೂಡಿಸೋಕೆ ಇವತ್ತು ಅವರು ಹೇಳೋ ಕ್ರಮ ಹೆಚ್ಚುಕಮ್ಮಿ ವೋಲ್ಪಿಯ ಏಣಿಯೇ. ಬೋನಿನ ಜಾಗದಲ್ಲಿ ಇನ್ನೊಂದು ಬೆಕ್ಕು, ಅಷ್ಟೇ.

ಇನ್ನೊಂದು ಪ್ರಯೋಗ ಹೇಳದೆ ಮುಂದಕ್ಕೆ ಹೋಗೋಕೆ ಮನಸ್ಸಿಲ್ಲ. 1946ರಲ್ಲಿ ಎಡ್ವಿನ್ ಗಥ್ರಿ ಮತ್ತು ಜಾರ್ಜ್ ಹಾರ್ಟನ್ ಥಾರ್ನ್‌ಡೈಕ್ ಥರದ್ದೇ ಒಂದು ಗಾಜಿನ ಮುಂಭಾಗದ ಪೆಟ್ಟಿಗೆ ಮಾಡಿ, ನೂರಾರು ಸಲ ಬೆಕ್ಕುಗಳು ಹೊರಬರೋದನ್ನು ಗಮನಿಸಿ ಪುಸ್ತಕ ಬರೆದರು. ನಡುವಿನ ಕೋಲನ್ನು ಮುಟ್ಟಿದರೆ ಬಾಗಿಲು ತೆರೆಯುತ್ತೆ. ಬೆಕ್ಕುಗಳು ಸಲಸಲಕ್ಕೂ ಅದೇ ರೀತಿ ಕೋಲಿಗೆ ಮೈ ಉಜ್ಜಿ ಹೊರಬಂದವು. ಒಮ್ಮೆ ಗೆದ್ದ ಚಲನೆಯನ್ನೇ ಅವು ಕಲಿತು ಮತ್ತೆ ಮತ್ತೆ ಮಾಡ್ತಿವೆ ಅಂತ ಇಬ್ಬರೂ ತೀರ್ಮಾನಿಸಿದರು. ಮೂವತ್ತಮೂರು ವರ್ಷ ಆದಮೇಲೆ, 1979ರಲ್ಲಿ, ಬ್ರೂಸ್ ಮೂರ್ ಮತ್ತು ಸೂಸನ್ ಸ್ಟಟ್ಟರ್ಡ್ ಅನ್ನೋ ಸಂಶೋಧಕರು ತೋರಿಸಿದ್ದೇನು ಗೊತ್ತಾ? ಎದುರಿಗೆ ಮನುಷ್ಯ ಕಾಣ್ತಿದ್ದರೆ ಬೆಕ್ಕು ಏನೂ ಕಲಿಯದೆಯೂ ಕೋಲಿಗೆ ಮೈ ಉಜ್ಜುತ್ತೆ. ಮನುಷ್ಯ ಇಲ್ಲದಿದ್ದರೆ ಉಜ್ಜಲ್ಲ. ಅದು ಬೆಕ್ಕಿನ ನಮಸ್ಕಾರ! ಗಾಜಿನಾಚೆ ಕೂತ ಪ್ರೊಫೆಸರರಿಗೆ ಅವು ನೂರಾರು ಸಲ ನಮಸ್ಕಾರ ಮಾಡಿದ್ದವು. ಅವರು ಅದನ್ನು ಕಲಿಕೆ ಅಂತ ಬರಕೊಂಡಿದ್ದರು. ಬೆಕ್ಕಿನ ಲೆಕ್ಕದಲ್ಲಿ ನಾವೂ ಆ ರೂಮಿನಲ್ಲೇ ಇದ್ದೀವಿ ಅನ್ನೋದನ್ನು ಮರೆತದ್ದು ಅವರ ತಪ್ಪು. ನನ್ನದೂ ಅದೇ. ಬೆಲ್ಲ ಕಂಡರೆ ಮಾತ್ರವಲ್ಲ, ನನ್ನನ್ನು ಕಂಡರೂ ಕೆಟ್ಟದ್ದಾಗುತ್ತೆ ಅಂತ ಸುಬ್ಬಿ ಕಲಿತಿದ್ದಳು.

ನಾವು ಮಾಡಿದ್ದನ್ನು ಹೇಳ್ತೀನಿ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಸುಬ್ಬಿ ಸೋಫಾ ಮೇಲೆ ಹೊಯ್ದದ್ದಕ್ಕೆ ಮೊದಲು ಡಾಕ್ಟರಿಗೆ ತೋರಿಸಿದೆವು. ಮೂತ್ರದ ತೊಂದರೆ ಇದ್ದರೂ ಬೆಕ್ಕು ಹಾಗೆ ಮಾಡುತ್ತೆ, ಅದನ್ನು ಹಟ ಅಂದುಕೊಂಡು ಬೈಯೋರೇ ಜಾಸ್ತಿ. ಸುಬ್ಬಿಗೆ ಏನೂ ಇರಲಿಲ್ಲ, ಬರೀ ಭಯ. ಆಮೇಲೆ ಎರಡನ್ನೂ ಬೇರೆ ಬೇರೆ ರೂಮಿಗೆ ಹಾಕಿ ಬಾಗಿಲು ಮುಚ್ಚಿದೆವು. ಒಬ್ಬರ ಹಾಸಿಗೆ ಬಟ್ಟೆ ಇನ್ನೊಬ್ಬರ ರೂಮಿಗೆ, ವಾಸನೆ ಮತ್ತೆ ಒಂದಾಗಲಿ ಅಂತ. ಮುಚ್ಚಿದ ಬಾಗಿಲಿನ ಎರಡೂ ಕಡೆ ಒಂದೇ ಹೊತ್ತಿಗೆ ಊಟ, ಮೊದಲು ದೂರದಲ್ಲಿ, ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ. ಗುರ್ ಅಂದರೆ ಬೈಗುಳ ಇಲ್ಲ, ಬಟ್ಟಲು ಒಂದಡಿ ಹಿಂದಕ್ಕೆ. ಹತ್ತು ದಿನಕ್ಕೆ ಬಾಗಿಲು ಎರಡು ಬೆರಳಷ್ಟು ತೆರೆಯಿತು. ಒಮ್ಮೆ ಆತುರಪಟ್ಟು ಪೂರ್ತಿ ತೆಗೆದೆ, ಮತ್ತೆ ಯುದ್ಧ. ಈ ಸಲ ಕೈ ಹಾಕದೆ ನಡುವೆ ರಟ್ಟಿನ ಪೆಟ್ಟಿಗೆ ತಳ್ಳಿ ಬಿಡಿಸಿದೆ, ಮೊದಲ ಹೆಜ್ಜೆಗೆ ವಾಪಸ್ ಹೋದೆವು. ನಮ್ಮ ಭಾಷೆಯಲ್ಲಿ ರೋಲ್‌ಬ್ಯಾಕ್.

ಮನೆಯನ್ನೂ ಸ್ವಲ್ಪ ಬದಲಾಯಿಸಿದೆವು. ಅಮೆರಿಕದ ಬೆಕ್ಕುವೈದ್ಯರ ಸಂಘ ಮತ್ತು ಅಂತಾರಾಷ್ಟ್ರೀಯ ಬೆಕ್ಕುವೈದ್ಯ ಸಂಘಟನೆ ಸೇರಿ 2013ರಲ್ಲಿ ಒಂದು ಮಾರ್ಗಸೂಚಿ ಹೊರತಂದಿವೆ. ಅದರ ಸಾರ: ಅಡಗೋಕೆ ಜಾಗ ಇರಲಿ, ಊಟ ನೀರು ಲಿಟರ್ ಬಾಕ್ಸ್ ಒಂದೇ ಕಡೆ ಗುಡ್ಡೆ ಹಾಕದೆ ದೂರ ದೂರ ಇರಲಿ, ಬೇಟೆಯಂಥ ಆಟ ಇರಲಿ, ಮನುಷ್ಯರ ನಡವಳಿಕೆ ಬೆಕ್ಕು ಊಹಿಸೋ ಹಾಗಿರಲಿ, ಅದರ ಮೂಗಿಗೆ ಮರ್ಯಾದೆ ಕೊಡಿ. ಎರಡು ಬೆಕ್ಕಿಗೆ ಮೂರು ಲಿಟರ್ ಬಾಕ್ಸ್ ಆದವು. ಪುಸ್ತಕದ ಕಪಾಟಿನ ಮೇಲೆ ಹಲಗೆ ಹೊಡೆದು ಒಂದು ಅಟ್ಟ ಮಾಡಿದೆ. ಸೋಫಾ ಕೆರೆಯೋದಕ್ಕೆ ಬೈಯೋ ಬದಲು, ಊರಿಂದ ತಂದ ಗೋಣಿಚೀಲ ಮರದ ತುಂಡಿಗೆ ಸುತ್ತಿ ಸೋಫಾ ಪಕ್ಕದಲ್ಲೇ ನಿಲ್ಲಿಸಿದೆ. ಎರಡನೇ ದಿನಕ್ಕೆ ಬೆಲ್ಲ ಅದಕ್ಕೆ ಉಗುರು ಹಾಕಿದ. ಕೆರೆಯಬೇಡ ಅನ್ನೋದು ಬೆಕ್ಕಿಗೆ ಅರ್ಥವಾಗಲ್ಲ. ಇಲ್ಲಿ ಕೆರಿ ಅನ್ನೋದು ಬೇಗ ಅರ್ಥವಾಗುತ್ತೆ. ಒಟ್ಟಿನಲ್ಲಿ ಊರಿನ ಕೊಟ್ಟಿಗೆ, ಬಣವೆ, ಅಟ್ಟವನ್ನೆಲ್ಲ ಎರಡು ಬೆಡ್‌ರೂಮಿನೊಳಗೆ ಚೂರು ಚೂರೇ ಕಟ್ಟಿಕೊಟ್ಟ ಹಾಗಾಯಿತು.

ಇದನ್ನು ಬರೆಯುವಾಗ ಮೂರು ತಿಂಗಳಾಗಿದೆ. ಮತ್ತೆ ಒಂದೇ ಕುರ್ಚಿಯಲ್ಲಿ ಮಲಗ್ತಿವೆ ಅಂತ ಬರೆಯೋಕೆ ಆಸೆ, ಆದರೆ ಹಾಗಾಗಿಲ್ಲ. ಎಲ್ಲ ಬೆಕ್ಕುಗಳೂ ಮತ್ತೆ ಸ್ನೇಹಿತರಾಗಲೇಬೇಕು ಅಂತೇನಿಲ್ಲ. ದಾರಿ ಹಂಚಿಕೊಂಡು, ಹೊತ್ತು ಹಂಚಿಕೊಂಡು ಬಾಳಿದರೂ ಸಂಸಾರವೇ. ಅಮ್ಮ ಹೋದ ವಾರ ಫೋನಿನಲ್ಲಿ, "ಯಾವಾಗ್ಲೋ ಕೊತ್ತಿ ತರೋದು?" ಅಂದರು. ತರಲ್ಲ ಅಂದೆ. "ಅಟ್ಟದಲ್ಲಿ ಇಲಿ ಜಾಸ್ತಿಯಾಗೈತೆ, ನಿಂಗೇನು" ಅಂತ ಸಿಟ್ಟು ಮಾಡ್ಕೊಂಡು ಇಟ್ಟರು.

ರಾತ್ರಿ ಊಟಕ್ಕೆ ಎರಡೂ ಈಗ ಒಂದೇ ಹಾಲಿನಲ್ಲಿ ಕೂರ್ತವೆ. ನಾನು ದೂರವನ್ನು ನೆಲದ ಟೈಲ್ಸ್ ಎಣಿಸಿ ಅಳೀತೀನಿ. ಶುರುವಾದಾಗ ಹನ್ನೊಂದಿತ್ತು. ಸುಬ್ಬಿಗೂ ಬೆಲ್ಲನಿಗೂ ನಡುವೆ ಈಗ ಎರಡು ಟೈಲ್ಸ್. ಸುಬ್ಬಿಗೂ ನನಗೂ ನಡುವೆ ಇನ್ನೂ ನಾಲ್ಕಿದೆ.